ಎಷ್ಟು ಸಾರಿ ‘ಸಾರಿ’?

ಈ ಸಲ ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡೋಣ. ಇಲ್ಲಿ ಮೆಲ್ಬರ್ನ್‌ನಲ್ಲಿ ಅದನ್ನು ದಿನಕ್ಕೆ ಎಷ್ಟು ಸಾರಿ ಬಳಸುತ್ತೇನೋ ಲೆಕ್ಕ ಇಟ್ಟಿಲ್ಲ. ಟ್ರಾಮ್‌ನಲ್ಲಿ ಯಾರಿಗೋ ಬ್ಯಾಗು ತಾಗಿದರೆ ಸಾರಿ. ಮೀಟಿಂಗ್‌ಗೆ ಎರಡು ನಿಮಿಷ ತಡವಾದರೆ ಸಾರಿ. ಎದುರಿನವರ ಮಾತು ಸರಿಯಾಗಿ ಕೇಳಿಸದಿದ್ದರೂ ಸಾರಿ. ನಿಮ್ಮ ಕತೆಯೂ ಇಷ್ಟೇ ಇರಬೇಕು.

ಹೋದ ವರ್ಷ ಇದೇ ಪದವನ್ನು ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅಪ್ಪ ಹಾಸಿಗೆ ಹಿಡಿದ ಮೂರು ವರ್ಷವೂ ಅವರನ್ನು ನೋಡಿಕೊಂಡವಳು ಅವಳು. ನಾನು ತಿಂಗಳು ತಿಂಗಳು ದುಡ್ಡು ಕಳಿಸಿದೆ, ಭಾನುವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿದೆ, ಮುಂದಿನ ರಜೆಗೆ ಖಂಡಿತ ಬರ್ತೀನಿ ಅಂತ ಹೇಳ್ತಾನೇ ಇದ್ದೆ. ಕೊನೆಗೆ ಅಪ್ಪನ ಕಾರ್ಯಕ್ಕೆ ಹೋಗಿ ವಾಪಸ್ ಬಂದ ಮೇಲೆ “ಸಾರಿ ಅಕ್ಕ” ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ “ಯಾಕೋ, ನನ್ನ ಕಾಲೇನಾದ್ರೂ ತುಳಿದ್ಯಾ?” ಅಂದಳು.

ಹಾಗಾದರೆ ನಾನು ಹೇಳಿದ್ದೇನು?

‘ಸಾರಿ’ಯ ಬೇರು ಹಳೆಯ ಇಂಗ್ಲಿಷಿನಲ್ಲಿ ನೋವು, ಹುಣ್ಣು ಎಂಬ ಅರ್ಥದ ಪದದಲ್ಲಿದೆ, ಇವತ್ತಿನ ‘ಸೋರ್’ ಅದರದೇ ಬಳಗ. ಅಂದರೆ ಮೂಲದಲ್ಲಿ ಅದು ‘ನನಗೆ ನೋವಾಗಿದೆ’ ಅನ್ನುವ ಮಾತು. ತಪ್ಪೊಪ್ಪಿಗೆಯ ಅರ್ಥ ಅದಕ್ಕೆ ಜೊತೆಯಾಗಿದೆ. ಇವತ್ತಿಗೂ ಎರಡೂ ಅರ್ಥ ನಡೆಯುತ್ತವೆ. ಸಹೋದ್ಯೋಗಿಯ ತಾಯಿ ತೀರಿಕೊಂಡಾಗ ಸಾರಿ ಅನ್ನುತ್ತೇವೆ. ಅದರಲ್ಲಿ ನಮ್ಮ ತಪ್ಪೇನಿಲ್ಲ. ಅದರ ಸಮಾನಾರ್ಥಕ ‘ಅಪಾಲಜಿ’ಯ ಹುಟ್ಟು ಇನ್ನೂ ವಿಚಿತ್ರ. ಗ್ರೀಕಿನಲ್ಲಿ ಅದು ಸಮರ್ಥನೆಯ ಭಾಷಣ. ಪ್ಲೇಟೋನ ‘ಅಪಾಲಜಿ’ಯಲ್ಲಿ ಸಾಕ್ರಟೀಸ್ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಇನ್ನು ‘ರಿಗ್ರೆಟ್’ ನಿಮಗೆ ಗೊತ್ತೇ ಇದೆ: ಕೆಲಸ ಕೊಡಲ್ಲ ಅಂತ ಬರುವ ಪತ್ರದ ಮೊದಲ ಸಾಲು.

ನಾನಿರುವ ಈ ದೇಶ ಈ ಪದಗಳ ನಡುವಿನ ಅಂತರಕ್ಕಾಗಿಯೇ ಹತ್ತು ವರ್ಷ ಜಗಳವಾಡಿದೆ. ಸುಮಾರು 1970ರವರೆಗೂ ಇಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಕಾನೂನಿನ ಹೆಸರಿನಲ್ಲಿ ತಾಯಂದಿರಿಂದ ಕಿತ್ತು ಅನಾಥಾಲಯಗಳಿಗೆ, ಬಿಳಿಯರ ಮನೆಗಳಿಗೆ ಸೇರಿಸುತ್ತಿದ್ದರು. ಇದಕ್ಕೆ ಕ್ಷಮೆ ಕೇಳಬೇಕು ಎಂದು 1997ರ ವರದಿಯೊಂದು ಹೇಳಿತು. ಪ್ರಧಾನಿ ಜಾನ್ ಹೊವರ್ಡ್ ಒಪ್ಪಲಿಲ್ಲ. ಹಿಂದಿನವರು ಮಾಡಿದ್ದಕ್ಕೆ ಇಂದಿನವರು ಹೊಣೆಯಲ್ಲ ಎಂಬುದು ಅವರ ವಾದ. 1999ರಲ್ಲಿ ಅವರು ಸಂಸತ್ತಿನಲ್ಲಿ ತಂದ ನಿರ್ಣಯದಲ್ಲಿ ‘ರಿಗ್ರೆಟ್’ ಇತ್ತು, ‘ಸಾರಿ’ ಇರಲಿಲ್ಲ. 2000ದ ಮೇ ತಿಂಗಳಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸಿಡ್ನಿಯ ಹಾರ್ಬರ್ ಸೇತುವೆ ಮೇಲೆ ನಡೆದರು. ವಿಮಾನವೊಂದು ಹೊಗೆಯಲ್ಲಿ ಆಕಾಶದ ಮೇಲೆ ಆ ಪದ ಬರೆಯಿತು. ಕೊನೆಗೆ 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಸಾರಿ ಅಂದರು. ಎಷ್ಟೋ ಜನ ಅತ್ತರು. ಪರಿಹಾರದ ಹಣ ಮಾತ್ರ ಅದರ ಜೊತೆ ಬರಲಿಲ್ಲ. ಬರೀ ಮಾತಿನಿಂದ ಏನಾಯ್ತು ಅಂತ ಕೇಳಿದವರೂ ಇದ್ದರು.

ಹೊವರ್ಡ್ ಬಳಿ ತಪ್ಪಿಸಿಕೊಳ್ಳಲು ಬೇರೊಂದು ಪದವಿತ್ತು. ನನಗೆ ಅದೂ ಬೇಕಾಗಲಿಲ್ಲ, ‘ಸಾರಿ’ಯೊಳಗೇ ಬಚ್ಚಿಟ್ಟುಕೊಂಡೆ. ತಪ್ಪೊಪ್ಪಿಕೊಂಡ ಹಾಗೂ ಇರಬೇಕು, ಕೇಳಿದರೆ ‘ಅಪ್ಪ ಹೋದ ದುಃಖಕ್ಕೆ ಅಂದೆ’ ಅಂತ ಹೇಳುವ ಹಾಗೂ ಇರಬೇಕು.

ಕನ್ನಡದಲ್ಲಿ ಹೇಳಿದ್ದರೆ ಸರಿಹೋಗ್ತಿತ್ತಾ? ಅದೂ ಅಷ್ಟು ಸುಲಭವಿಲ್ಲ. ‘ತಪ್ಪಾಯ್ತು’ ಅನ್ನುತ್ತೇವೆ, ಮಳೆ ಬಂತು ಅನ್ನುವ ಹಾಗೆ. ಮಾಡಿದವರು ಯಾರು ಅಂತ ಆ ಮಾತಿನಲ್ಲಿಲ್ಲ. ‘ಕ್ಷಮಿಸಿ’ ಅಂದರೆ ಕೆಲಸ ಹಚ್ಚುವುದು ಎದುರಿನವರಿಗೆ. ನೊಂದವಳೂ ಅಕ್ಕ, ಕ್ಷಮಿಸಬೇಕಾದವಳೂ ಅಕ್ಕ! ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಅದೇ ವಾಸಿ. ಅದಕ್ಕೆ ಬಗ್ಗಲಾದರೂ ಬೇಕು.

ಇಲ್ಲಿನ ಮೂಲನಿವಾಸಿಗಳು ಸಾವಿನ ಶೋಕಕ್ಕೆ, ಅದರ ವಿಧಿಗಳಿಗೆ ‘ಸಾರಿ ಬಿಸ್ನೆಸ್’ ಅನ್ನುತ್ತಾರೆ. ಅದಕ್ಕಾಗಿ ಬಂಧುಗಳು ಎಲ್ಲಿದ್ದರೂ ಹೊರಟು ಬಂದು ಜೊತೆಗಿರುತ್ತಾರೆ. ಪದದ ಹಳೆಯ ನೋವು ಅಲ್ಲಿ ಹಾಗೇ ಉಳಿದಿದೆ ಅನ್ನಿಸುತ್ತದೆ. ನಾನು ಹೋಗಬೇಕಾಗಿದ್ದು ಕಾರ್ಯಕ್ಕಿಂತ ಮುಂಚೆ.

ಮೊನ್ನೆ ಅಕ್ಕನಿಗೆ ಫೋನ್ ಮಾಡಿದೆ. “ಬರಬಹುದಿತ್ತು ಅಕ್ಕ, ರಜೆ ಇತ್ತು. ನಾನೇ ಬರಲಿಲ್ಲ. ನಂದೇ ತಪ್ಪು” ಅಂದೆ. ಪರವಾಗಿಲ್ಲ ಬಿಡು ಅಂತಾಳೆ ಅಂದುಕೊಂಡಿದ್ದೆ. ಅವಳು “ಹೂಂ” ಅಂದಳು, ಅಷ್ಟೇ. ಆಮೇಲೆ ಅಪ್ಪನನ್ನು ರಾತ್ರಿ ಒಬ್ಬಳೇ ಮಗ್ಗುಲು ಬದಲಿಸುತ್ತಿದ್ದದ್ದು, ತಾನು ಸೊಂಟ ಹಿಡಿದುಕೊಂಡು ವಾರ ಮಲಗಿದ್ದು, ಎಲ್ಲ ಹೇಳಿದಳು. ಒಂದೂವರೆ ಗಂಟೆ. ಮೊದಲು ಒಂದು ಸಲವೂ ಇದನ್ನೆಲ್ಲ ಹೇಳಿರಲಿಲ್ಲ. ನಡುವೆ ಸಾರಿ ಅನ್ನಬೇಕು ಅಂತ ಬಾಯಿಗೆ ಬಂತು. ಸುಮ್ಮನೆ ಕೇಳಿಸಿಕೊಂಡೆ.

ನೀವು ಕೊನೆಯ ಸಲ ನಿಮ್ಮವರಿಗೆ ಸಾರಿ ಅಂದಾಗ ಎರಡರಲ್ಲಿ ಯಾವುದನ್ನು ಹೇಳಿದಿರಿ? ಅವರು ಯಾವುದನ್ನು ಕೇಳಲು ಕಾದಿದ್ದರು?