ಬಳಲಿದವರ ಬಳಿಯಲ್ಲಿ



ಯಲಬುರ್ಗಾ ಕಡೆಯ ತಾಯಿಯೊಬ್ಬರು ಹಲವು ವರ್ಷಗಳ ಹಿಂದೆ ನನ್ನ ಬಳಿಗೆ ಬಂದಿದ್ದರು. "ಫಾದರ್, ರಾತ್ರಿಯೆಲ್ಲಾ ಮಲಗಿದ್ರೂ ಮೈಯಾಗ ಕಸುವಿಲ್ಲ. ಒಂದಿನ ರೊಟ್ಟಿ ಬಡದ್ರ ಎರಡು ದಿನ ಏಳಾಕ ಆಗಂಗಿಲ್ಲ. ಮನ್ಯಾಗ ಎಲ್ಲಾರೂ ಮೈಗಳ್ಳಿ ಅಂತಾರ" ಎಂದು ಕಣ್ಣೀರಿಟ್ಟರು. ರಕ್ತಪರೀಕ್ಷೆಯಲ್ಲಿ ದೋಷವೇನೂ ಕಂಡಿರಲಿಲ್ಲ. "ಮನಸ್ಸು ಗಟ್ಟಿ ಮಾಡಿಕೊಳ್ಳಿ, ಜಪಸರ ಪ್ರಾರ್ಥಿಸಿ" ಎಂದು ಹೇಳಿ ಕಳುಹಿಸಿದೆ. ಅವರು ಮತ್ತೆ ಬರಲಿಲ್ಲ. ನಾನಾಡಿದ ಮಾತು ಇಂದಿಗೂ ನನ್ನನ್ನೇ ಚುಚ್ಚುತ್ತದೆ. ಕಣ್ಣಿಗೆ ಕಾಣದ ನೋವನ್ನು ನಂಬುವ ಹೊಣೆ ನಮಗಿಲ್ಲವೇ?

ರಕ್ತಹೀನತೆ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ, ಕ್ಷಯ ಇವೆಲ್ಲವೂ ಆಯಾಸವನ್ನು ತರುತ್ತವೆ. ಮೊದಲು ಇವುಗಳ ಪರೀಕ್ಷೆಯಾಗಬೇಕು. ಆದರೆ ದೀರ್ಘಕಾಲದ ಬಳಲಿಕೆಯ ರೋಗವೆಂಬ ಬೇರೆಯೇ ಒಂದು ಕಾಯಿಲೆಯುಂಟು. ನಿದ್ರೆಯಿಂದ ಅದು ನೀಗದು. ತುಸು ಹೆಚ್ಚು ದುಡಿದರೂ ಒಂದೆರಡು ದಿನಗಳಲ್ಲಿ ಉಲ್ಬಣಿಸುತ್ತದೆ. ಸಾಮಾನ್ಯ ಪರೀಕ್ಷೆಗಳಲ್ಲಿ ಕಾಣಿಸದು, ಗುಣಪಡಿಸುವ ಔಷಧವೂ ಇನ್ನೂ ದೊರೆತಿಲ್ಲ. ಮನೋಚಿಕಿತ್ಸೆ ಈ ರೋಗವನ್ನು ಗುಣಪಡಿಸುವುದಿಲ್ಲ, ಆದರೆ ಅದರೊಂದಿಗೆ ಬದುಕಲು ನೆರವಾಗಬಲ್ಲದು ಎಂಬುದು 2021ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ವೈದ್ಯಕೀಯ ಮಾರ್ಗಸೂಚಿಯ ನಿಲುವು. ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸುತ್ತಾ ಹೋಗುವ ಹಳೆಯ ಪದ್ಧತಿಯನ್ನು ಅದು ಕೈಬಿಟ್ಟಿತು.

ಆದ್ದರಿಂದ ಆಪ್ತಸಲಹೆಗಾರರ ಬಳಿಗೆ ಹೋದವರ ರೋಗ ಸುಳ್ಳಾಗುವುದಿಲ್ಲ. ಅವರ ವಿಶ್ವಾಸವೂ ಕುಂದಿದಂತಾಗುವುದಿಲ್ಲ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಬದುಕುವವರಿಗೆ ಬೇಸಿಗೆಯಲ್ಲಿ ಕೊಡದ ನೀರನ್ನು ಅಳೆದು ಬಳಸುವುದು ಗೊತ್ತು. ಗಂಗಾವತಿಯ ರೈತರಿಗೆ ಕಾಲುವೆಯ ಸರದಿ ಕಾಯುವುದು ಗೊತ್ತು. ಹಾಗೆಯೇ ಇರುವಷ್ಟು ಕಸುವನ್ನು ಕೆಲಸ ಕೆಲಸಕ್ಕೆ ಹಂಚಿಕೊಳ್ಳುವುದನ್ನು, ಸುಸ್ತಾಗುವ ಮುನ್ನವೇ ಕೈಬಿಟ್ಟು ಕೂರುವುದನ್ನು ಸಲಹೆಗಾರರು ಕಲಿಸುತ್ತಾರೆ. ಕಳೆದುಹೋದ ಆರೋಗ್ಯಕ್ಕಾಗಿ ಅಳಲು ಎಡೆ ಕೊಡುತ್ತಾರೆ. 'ನಾನು ಮನೆಗೆ ಭಾರ' ಎಂಬ ಅಪರಾಧಭಾವವನ್ನು ಇಳಿಸುತ್ತಾರೆ. ಮನೆಯವರಿಗೂ ತಿಳಿಯಹೇಳುತ್ತಾರೆ.

ಇಂಥ ನೆರವು ನಮಗೆ ದೂರದ್ದಲ್ಲ. ಹಳ್ಳಿಗಳಿಗೆ ಮಾನಸಿಕ ಆರೋಗ್ಯ ಸೇವೆಯನ್ನು ಒಯ್ಯುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ್ದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ. ಮುಂದೆ ಅದೇ ರಾಷ್ಟ್ರಕ್ಕೆ ಮಾದರಿಯಾಯಿತು. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ, ಉಚಿತವಾಗಿ ಮಾತನಾಡಬಹುದು.

ಪ್ರವಾದಿ ಎಲೀಯನನ್ನು ನೆನೆಯೋಣ. ಮರುಭೂಮಿಯ ಗಿಡದಡಿ ಅವನು ಸಾವನ್ನೇ ಬೇಡಿ ಮಲಗಿದ್ದನು. ದೇವದೂತನು ಅವನನ್ನು ಗದರಿಸಲಿಲ್ಲ, ಕಾರಣ ಕೇಳಲಿಲ್ಲ. ಮೈಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಮತ್ತೆ ಮಲಗಿದಾಗ ಮಲಗಲು ಬಿಟ್ಟನು. ಎರಡನೆಯ ಸಲವೂ ಉಣಿಸಿದನು. ಮುಂದಿನ ದಾರಿ ಎಲೀಯನ ಶಕ್ತಿಗೆ ಮೀರಿದ್ದೆಂದು ಅವನು ಅರಿತಿದ್ದನು. ಹೋರೇಬ್ ಬೆಟ್ಟದ ದಾರಿ ತೆರೆದದ್ದು ಈ ಕರುಣೆಯ ಬಳಿಕವೇ.

ಬಳಲಿದವರನ್ನು ಮೊದಲು ನಂಬೋಣ. ಉಪದೇಶ ತಡವಾದರೂ ಆದೀತು. ರೊಟ್ಟಿ ಬಡಿಯಲಾಗದ ತಾಯಿಯ ಮನೆಗೆ ಒಂದು ದಿನ ನಾವೇ ರೊಟ್ಟಿ ಒಯ್ದರೆ, ಅದೂ ದೇವದೂತನ ಸೇವೆಯೇ ಸರಿ.