ಬೇರೆ ಬೆಟ್ಟದ ಹೊಗೆ

ದಸರಾ ಹತ್ತಿರವಾದಂತೆ ಮೈಸೂರಿನ ವೃತ್ತಗಳಲ್ಲಿ ಚಾಮುಂಡೇಶ್ವರಿಯ ಫೋಟೊ ಹತ್ತಡಿ, ಇಪ್ಪತ್ತಡಿ ಅಗಲಕ್ಕೆ ಹಿಗ್ಗಿ ನಿಲ್ಲುತ್ತದೆ. ಮೂಲ ಎಷ್ಟೋ ಸಲ ಮೊಬೈಲಿನದು. ಅಷ್ಟು ದೊಡ್ಡದು ಮಾಡಿದರೆ ಒಡೆಯುತ್ತದೆ ಎಂಬ ಭಯ ಇದ್ದದ್ದೇ. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಕೊಟ್ಟರೆ ಮಸುಕಾದ ಕಣ್ಣಿಗೆ ರೆಪ್ಪೆ, ಮೂಗುತಿಗೆ ಹರಳು ಕ್ಷಣದಲ್ಲಿ ಮೂಡುತ್ತವೆ. ಕ್ಯಾಮೆರಾ ಕಾಣದ್ದನ್ನು ಕಂಡಂತೆ ತೋರಿಸುವ ಈ ಮುಖ ತಾಯಿಯ ದರ್ಶನವೇ? ಅಲ್ಲ ಎಂದೇ ನನ್ನ ವಾದ. ಫೋಟೊ ಪ್ರತ್ಯಕ್ಷದ ಸಾಕ್ಷಿ: ಈ ಅಲಂಕಾರ, ಈ ದಿನ, ಹೀಗಿತ್ತು ಎನ್ನುತ್ತದೆ. ಸಾಮಾನ್ಯವಾಗಿ ಹಿಗ್ಗಿಸುವಾಗಲೂ ಹೊಸ ಚುಕ್ಕೆಗಳು ಸೇರುತ್ತವಲ್ಲ ಎಂದು ಕೇಳಬಹುದು. ಸೇರುತ್ತವೆ, ಆದರೆ ಅಕ್ಕಪಕ್ಕದ ಎರಡು ಚುಕ್ಕೆಗಳ ನಡುವಿನ ಬಣ್ಣವನ್ನು ಊಹಿಸಿ. ಅದು ಹೊಗೆ ಕಂಡು ಬೆಂಕಿ ಹೇಳುವ ತಾರ್ಕಿಕರ ಅನುಮಾನದ ಜಾತಿಯದು. ಆಧಾರ ಆ ಚಿತ್ರದಲ್ಲೇ ಇದೆ. ಹೊಸ ತಂತ್ರಾಂಶ ರೆಪ್ಪೆ ಬಿಡಿಸುವುದು ತಾನು ಕಲಿತ ಅಸಂಖ್ಯ ಬೇರೆ ಚಿತ್ರಗಳ ಬಲದಿಂದ. ಬೇರೆ ಬೆಟ್ಟದ ಹೊಗೆ ನೋಡಿ ಈ ಬೆಟ್ಟದಲ್ಲಿ ಬೆಂಕಿ ಇದೆ ಎಂದ ಹಾಗೆ.

ಚಿತ್ರಕಾರರೂ ಕಲ್ಪಿಸಿಯೇ ಬರೆದರಲ್ಲ ಎಂಬುದು ಗಟ್ಟಿಯಾದ ಆಕ್ಷೇಪ. ಮೈಸೂರು ಶೈಲಿಯ ದೇವಿ ಯಾರೂ ಎದುರಿಗೆ ಕೂರಿಸಿ ಬರೆದವಳಲ್ಲ, ನಿಜ. ಆದರೆ ಆ ಕಲ್ಪನೆಗೆ ಕಟ್ಟುಪಾಡಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಶ್ರೀತತ್ತ್ವನಿಧಿ' ಧ್ಯಾನಶ್ಲೋಕದೊಂದಿಗೆ ಚಿತ್ರವನ್ನೂ ಇಟ್ಟು ಯಾವ ದೇವತೆಗೆ ಎಷ್ಟು ಕೈ, ಯಾವ ಆಯುಧ, ಯಾವ ಬಣ್ಣ ಎಂದು ಗೊತ್ತುಮಾಡುತ್ತದೆ. ಚಿತ್ರ ತಾನು ಧ್ಯಾನವೆಂದೇ ಹೇಳಿಕೊಳ್ಳುತ್ತದೆ, ಸಾಕ್ಷಿಯೆಂದಲ್ಲ. ತಂತ್ರಾಂಶದ ಮುಖಕ್ಕೆ ಶ್ಲೋಕದ ಹಂಗೂ ಇಲ್ಲ, ಕಂಡ ಮೂರ್ತಿಯ ಹಂಗೂ ಇಲ್ಲ.

ಇನ್ನು, ಒಡೆದ ಚಿತ್ರ ದೇವಿಗೆ ಅಗೌರವ ಎನ್ನುವವರ ನೋವು ಹಗುರವಾದದ್ದಲ್ಲ. ಆದರೆ ಲೆಕ್ಕ ನೋಡೋಣ. 4000 ಪಿಕ್ಸೆಲ್ ಅಗಲದ ಮೊಬೈಲ್ ಫೋಟೊವನ್ನು ಹತ್ತಡಿಗೆ ಹಿಗ್ಗಿಸಿದರೆ ಇಂಚಿಗೆ ಸುಮಾರು 33 ಪಿಕ್ಸೆಲ್ ಉಳಿಯುತ್ತದೆ, ಒಂದೊಂದೂ ಮುಕ್ಕಾಲು ಮಿಲಿಮೀಟರ್. ಆರೋಗ್ಯವಂತ ಕಣ್ಣು ಮೂರು ಮೀಟರ್ ಆಚೆಯಿಂದ ಅದನ್ನು ಬಿಡಿಸಿ ಕಾಣಲಾರದು. ವಾಟ್ಸಾಪಿನಲ್ಲಿ ಹಾದು 1600 ಪಿಕ್ಸೆಲ್‌ಗೆ ಕುಗ್ಗಿದ್ದಾದರೂ ಏಳು ಮೀಟರ್ ಸಾಕು. ವೃತ್ತದ ಫ್ಲೆಕ್ಸನ್ನು ಜನ ಅದಕ್ಕಿಂತ ದೂರದಿಂದಲೇ ನೋಡುತ್ತಾರೆ. ವಿಜಯದಶಮಿಯಂದು 750 ಕಿಲೊ ತೂಕದ ಚಿನ್ನದ ಅಂಬಾರಿಯಲ್ಲಿ ಬರುವ ತಾಯಿ, ಸಯ್ಯಾಜಿರಾವ್ ರಸ್ತೆಯ ಜನಸಂದಣಿಯ ಹಿಂದೆ ನಿಂತವರಿಗೆ ಕಾಣುವುದು ಆನೆಯ ಮೇಲಿನ ಒಂದು ಹೊಳಪಾಗಿ. ರೆಪ್ಪೆ ಕಾಣಲಿಲ್ಲವೆಂದು ದರ್ಶನವಾಗಲಿಲ್ಲ ಎಂದವರುಂಟೆ? ಕಣ್ಣಿಗೆ ದಕ್ಕದ್ದನ್ನು ಅಲ್ಲಿ ಭಕ್ತಿ ತುಂಬಿಕೊಳ್ಳುತ್ತದೆ, ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕಾದ ಕಾರಣ ನನಗೆ ಕಾಣದು. ಆದ್ದರಿಂದ ಡಿಸೈನರ್ ಮೊದಲು ಕೇಳಬೇಕಾದದ್ದು, ಜನ ಎಷ್ಟು ದೂರದಲ್ಲಿ ನಿಲ್ಲುತ್ತಾರೆ ಎಂದು. ಎರಡಡಿ ದೂರದಲ್ಲಿ ಕೈಮುಗಿಯುವ ಜಾಗವಾದರೆ ಅದೇ ಮೊಬೈಲ್ ಫೋಟೊವನ್ನು ಇಂಚಿಗೆ 300 ಪಿಕ್ಸೆಲ್‌ನಂತೆ 13 ಇಂಚು ಅಗಲಕ್ಕೆ ಮುದ್ರಿಸಿ ಕಟ್ಟು ಹಾಕಿಸಬಹುದು.