ಇಣುಕುವ ಶಕ್ತಿ, ಇಣುಕುವ ಹಕ್ಕು

ಒಂದರ ಒಳಗನ್ನು ಕಾಣಬಲ್ಲೆವೆಂದ ಮಾತ್ರಕ್ಕೆ ಕಾಣುವ ಹಕ್ಕು ನಮಗುಂಟೇ? ಪ್ರಶ್ನೆ ಹಳೆಯದು, ಅದು ನಮಗೆ ಮರಳಿ ಎದುರಾದುದು ಹೊಸ ವಿದ್ಯೆಯೊಂದರ ಮೂಲಕ. ಕಳೆದ ದೀಪಾವಳಿಗೆ ಪುಣೆಯಿಂದ ಉಮರ್ಗಾಕ್ಕೆ ಬಂದಿದ್ದ ನಮ್ಮ ಮೊಮ್ಮಗನು ಗಣಕಯಂತ್ರದ ಮುಂದೆ ಕುಳಿತಿದ್ದನು. ಏನು ಮಾಡುತ್ತಿರುವೆಯೆಂದು ಕೇಳಿದೆವು. “ರಿಫ್ಲೆಕ್ಷನ್, ಮುತ್ಯಾ. ಓಡೋ ಪ್ರೋಗ್ರಾಮಿಗೇ ‘ನಿನ್ನೊಳಗ ಏನೇನದ?’ ಅಂತ ಕೇಳೋದು” ಎಂದನು.

ಅವನು ತಿಳಿಸಿಕೊಟ್ಟುದರ ಸಾರವಿಷ್ಟು. ಇಂದಿನ ಅನೇಕ ಪ್ರೋಗ್ರಾಮುಗಳನ್ನು ‘ಕ್ಲಾಸ್’ ಎಂಬ ಅಚ್ಚುಗಳಿಂದ ಕಟ್ಟುತ್ತಾರೆ. ವಿದ್ಯಾರ್ಥಿ ಎಂಬ ಕ್ಲಾಸ್ ಇದೆಯೆನ್ನೋಣ. ಹೆಸರು, ಅಂಕ ಮೊದಲಾದ ಮಾಹಿತಿಯನ್ನು ಇಡುವ ಸ್ಥಾನಗಳು ಅದರ ‘ಫೀಲ್ಡ್’ಗಳು, ಫಲಿತಾಂಶ ಲೆಕ್ಕಹಾಕುವಂತಹ ಕೆಲಸಗಳು ‘ಮೆಥಡ್’ಗಳು. ಇವೇ ಅದರ ಸದಸ್ಯರು. ಇವರಲ್ಲಿ ಕೆಲವರು ಎಲ್ಲರಿಗೂ ಕಾಣುವ ‘ಪಬ್ಲಿಕ್’. ಕೆಲವರು ಒಳಮನೆಯ ‘ಪ್ರೈವೇಟ್’. ಸಾಮಾನ್ಯವಾಗಿ ಈ ಸದಸ್ಯರ ಹೆಸರು ಬರೆಯುವವನಿಗೆ ಮೊದಲೇ ತಿಳಿದಿರಬೇಕು. ರಿಫ್ಲೆಕ್ಷನ್ ಇದ್ದರೆ ಪ್ರೋಗ್ರಾಮು ಓಡುತ್ತಿರುವಾಗಲೇ ಆ ಕ್ಲಾಸನ್ನೇ ಕೇಳಿ ಪಟ್ಟಿ ಪಡೆಯಬಹುದು. ಜಾವಾ ಭಾಷೆಗೆ ಈ ಅನುಕೂಲವು 1997ರಲ್ಲಿ, 1.1ನೆಯ ಆವೃತ್ತಿಯೊಡನೆ ಬಂದಿತು. ತಾವು ಮುಂಚೆ ಕಾಣದ ಕ್ಲಾಸಿನಲ್ಲಿ ಯಾವ ಮೆಥಡ್‌ಗಳನ್ನು ಓಡಿಸಿ ನೋಡಬೇಕೆಂದು ಪರೀಕ್ಷಾ ಸಾಧನಗಳು ಹುಡುಕುವುದು ಹೀಗೆಯೇ.

ಕೇಳುವುದರಲ್ಲಿ ಎರಡು ಬಗೆ. ‘ಗೆಟ್ ಫೀಲ್ಡ್ಸ್’ ಎಂದು ಕೇಳಿದರೆ ಪಬ್ಲಿಕ್ ಆದವು ಮಾತ್ರ ಬರುತ್ತವೆ. ಹಿರಿಯ ಕ್ಲಾಸಿನಿಂದ ಬಂದವೂ ಅವುಗಳಲ್ಲಿ ಸೇರಿರುತ್ತವೆ. ‘ಗೆಟ್ ಡಿಕ್ಲೇರ್ಡ್ ಫೀಲ್ಡ್ಸ್’ ಎಂದರೆ ಆ ಕ್ಲಾಸಿನಲ್ಲೇ ಬರೆದುದೆಲ್ಲವೂ, ಪ್ರೈವೇಟ್ ಸಹಿತ, ಬರುತ್ತದೆ. ಆದರೆ ಹಿರಿಯರಿಂದ ಬಂದುದೊಂದೂ ಬಾರದು. ಹಿರಿಯ ಕ್ಲಾಸಿನ ಒಳಮನೆಯಲ್ಲಿರುವುದನ್ನು ತಿಳಿಯಬೇಕಾದರೆ ಮೇಲೇರಿ ಆ ಕ್ಲಾಸನ್ನೇ ಕೇಳಬೇಕು.

ಇದನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬಂದುದು ಶಾಲೆಯ ಪ್ರವೇಶ ರಜಿಸ್ಟರು. ನಿಲಂಗಾ, ಉದಗೀರ, ಉಮರ್ಗಾ ತಾಲ್ಲೂಕುಗಳ ಮರಾಠಿ ಶಾಲೆಗಳಲ್ಲಿ ನಾವು ಸೇವೆ ಸಲ್ಲಿಸಿದೆವು. ರಜಿಸ್ಟರಿನಲ್ಲಿ ಮಾತೃಭಾಷೆಯ ಅಂಕಣವೊಂದಿರುತ್ತದೆ. ಬಂದ ಮಗು ಮರಾಠಿಯಲ್ಲಿ ಉತ್ತರಿಸಿದರೆ ಸಾಕು, ನಾವು ‘ಮರಾಠಿ’ ಎಂದು ಬರೆದುಬಿಡುತ್ತಿದ್ದೆವು. ಮೇಲೆ ಕಂಡುದನ್ನು ಬರೆದೆವು. ಹಿರಿಯರಿಂದ ಬಂದುದನ್ನು ಕೇಳಲಿಲ್ಲ.

ಒಂದು ಜೂನ್ ತಿಂಗಳಲ್ಲಿ ತಾಯಿಯೊಬ್ಬಳು ಪಡಸಾಲೆಯಲ್ಲಿ ಮಗನಿಗೆ ಮೆಲ್ಲನೆ ಕನ್ನಡದಲ್ಲಿ ಏನೋ ಹೇಳುತ್ತಿದ್ದುದು ನಮ್ಮ ಕಿವಿಗೆ ಬಿದ್ದಿತು. ನಮಗಾದ ಹರ್ಷ ಅಷ್ಟಿಷ್ಟಲ್ಲ. ನಾಲ್ಕಾರು ಪಾಲಕರ ಎದುರಿಗೇ ಗಟ್ಟಿಯಾಗಿ, “ನೀವು ಕನ್ನಡದವರೇನವಾ?” ಎಂದೆವು. ಆಕೆ ತಲೆ ತಗ್ಗಿಸಿ, “ಬ್ಯಾಡ್ರಿ ಸರ್, ಮರಾಠೀನೇ ಬರೀರಿ” ಎಂದಳು. ಭಾಷಾಭಿಮಾನದ ಭರದಲ್ಲಿದ್ದ ನಾವು ‘ಕನ್ನಡ’ ಎಂದೇ ಬರೆದೆವು. ಜೊತೆಯ ಹುಡುಗರು ಆ ಬಾಲಕನನ್ನು ಅಣಕಿಸತೊಡಗಿದರು. ಅಂದಿನಿಂದ ನಾವು ಕನ್ನಡದಲ್ಲಿ ಮಾತನಾಡಿಸಿದಾಗಲೆಲ್ಲ ಅವನು ಮರಾಠಿಯಲ್ಲಿಯೇ ಉತ್ತರಿಸಿದನು. ರಜಿಸ್ಟರಿನಲ್ಲಿ ಒಂದು ಕನ್ನಡ ಹೆಚ್ಚಿತು. ಅಂಗಳದಲ್ಲಿ ಒಂದು ಕನ್ನಡ ಕಡಿಮೆಯಾಯಿತು.

ಬರೆದುದು ಸತ್ಯವೇ ಅಲ್ಲವೇ, ತಪ್ಪೆಲ್ಲಿ ಬಂತು ಎಂದು ವಾಚಕರು ಕೇಳಬಹುದು. ಆ ಆಕ್ಷೇಪ ಹಗುರವಾದುದಲ್ಲ. ನಿಲಂಗಾ, ಉದಗೀರಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಅನಂತರ ಬೀದರ ಅತ್ತ ಮೈಸೂರು ರಾಜ್ಯಕ್ಕೂ ಇವು ಇತ್ತ ಮುಂಬಯಿ ರಾಜ್ಯಕ್ಕೂ ಹೋದವು. ಗಡಿರೇಖೆ ಬಂದುದರಿಂದ ಮನೆಮಾತು ಬದಲಾಗಲಿಲ್ಲ. ಎಣಿಕೆಗೆ ಬಾರದ ಭಾಷೆಗೆ ಶಾಲೆಯೂ ದೊರೆಯದು, ಪಠ್ಯಪುಸ್ತಕವೂ ದೊರೆಯದು. ಜನಗಣತಿಯ ದೃಷ್ಟಿಯಲ್ಲಿಯೂ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿಯು ಆಡಿದ ಮಾತು, ಸಂತೆಯಲ್ಲಿ ಆಡುವ ಮಾತಲ್ಲ. ಆದರೆ ಅಲ್ಲಿಯೂ ಗಣತಿದಾರನು ತಾನೇ ಊಹಿಸಿ ಬರೆಯುವಂತಿಲ್ಲ. ಮನೆಯವರು ಹೇಳಿದುದನ್ನೇ ಬರೆಯಬೇಕು.

ಹಾಗಾದರೆ ಒಳಮನೆಯ ಬೀಗಕ್ಕೆ ಬೆಲೆಯೆಷ್ಟು? ಜಾವಾದಲ್ಲಿ ‘ಸೆಟ್ ಆಕ್ಸೆಸಿಬಲ್’ ಎಂಬ ಆಜ್ಞೆಯೊಂದುಂಟು. ಅದರಿಂದ ಪ್ರೈವೇಟ್ ಸದಸ್ಯರನ್ನೂ ಹೊರಗಿನವರು ಓದಬಹುದು, ತಿದ್ದಲೂಬಹುದು. ಇದರಿಂದ ಕೆಲಸಗಳೂ ಆದವು, ಕೇಡುಗಳೂ ಆದವು. 2017ರ 9ನೆಯ ಆವೃತ್ತಿಯಲ್ಲಿ ಮಾಡ್ಯೂಲ್ ಎಂಬ ಆವರಣ ಬಂದಿತು. ಆವರಣದೊಳಗಿನ ಪ್ರೈವೇಟನ್ನು ಹೊರಗಿನವರು ಹೀಗೆ ನೋಡಬೇಕಾದರೆ, ಅದನ್ನು ಬರೆದವನು ‘ಓಪನ್ಸ್’ ಎಂದು ತಾನೇ ಸಾರಿರಬೇಕು. ಓಡಿಸುವವನು ವಿಶೇಷ ಅಪ್ಪಣೆ ಕೊಟ್ಟು ಈ ನಿಯಮವನ್ನು ಸಡಿಲಿಸಬಹುದು; ಆದರೆ ಕದ ತೆರೆಯುವವನು ಒಳಗಿನವನೇ ಎಂಬುದು ಸಾಮಾನ್ಯ ನಿಯಮವಾಯಿತು. ಯಂತ್ರಕ್ಕೆ ಕಲಿಸಿದ ಈ ಮರ್ಯಾದೆ ಮುಖ್ಯಾಧ್ಯಾಪಕರಾದ ನಮಗೆ ಅಂದು ಹೊಳೆಯಲಿಲ್ಲ.

ಈ ಕಥೆಯನ್ನೆಲ್ಲ ಕೇಳಿದ ಮೊಮ್ಮಗನು, “ಮುತ್ಯಾ, ಅಪ್ಪನ ಟಿ.ಸಿ.ಯೊಳಗ ಏನು ಬರದೀರಿ?” ಎಂದನು. ನಾವು ನಿರುತ್ತರರಾದೆವು. ಪೆಟ್ಟಿಗೆ ತೆಗೆದು ನೋಡಿದರೆ ಮಾತೃಭಾಷೆ: ಮರಾಠಿ. ಅಕ್ಷರ ನಮ್ಮದೇ. ಮಗನಿಗೆ ಮುಂದೆ ತೊಡಕಾಗದಿರಲೆಂದು ಹಾಗೆ ಬರೆದಿದ್ದೆವು. ಆ ತಾಯಿಯ ಭಯವೂ ಅದೇ ಆಗಿತ್ತು. ನಮ್ಮ ಮನೆಯ ಬೀಗವನ್ನು ಕಾಯ್ದುಕೊಂಡು, ಅವಳ ಮನೆಯ ಬೀಗವನ್ನು ಮುರಿದಿದ್ದೆವು.

ರಿಫ್ಲೆಕ್ಷನ್ ಎಂಬ ಇಂಗ್ಲಿಷ್ ಪದಕ್ಕೆ ಪ್ರತಿಬಿಂಬವೆಂದೂ ಅರ್ಥ, ಚಿಂತನೆಯೆಂದೂ ಅರ್ಥ. ಯಂತ್ರವು ತನ್ನಲ್ಲಿ ಏನಿದೆಯೆಂದು ಪಟ್ಟಿ ಕೊಡಬಲ್ಲದು. ಏಕೆ ಬಚ್ಚಿಟ್ಟೆನೆಂದು ನಾಚಲಾರದು. ಆ ಎರಡನೆಯ ಕೆಲಸ ಮನುಷ್ಯನದು. ಮುಂದಿನ ಜನಗಣತಿಯವರು ಬಾಗಿಲಿಗೆ ಬಂದಾಗ, ಸಂಘದ ಬಂಧುಗಳೇ, ನೆರೆಮನೆಯವರ ಮಾತೃಭಾಷೆಯನ್ನು ನಾವು ಕೂಗಿ ಹೇಳುವುದು ಬೇಡ. ನಮ್ಮದನ್ನು ನಾವು ತೆರೆದು ಹೇಳೋಣ. ನಮ್ಮ ಅಂಗಳದಲ್ಲಿ ಕನ್ನಡವಾಡಿದ ಮಗುವಿಗೆ ಅಣಕ ತಗಲದಂತೆ ನೋಡಿಕೊಂಡರೆ, ಅಂತಹ ತಾಯಂದಿರು ಒಂದು ದಿನ ತಾವಾಗಿಯೇ ಕದ ತೆರೆದಾರು. ಆ ಬಾಲಕನು ಇಂದು ಎಲ್ಲಿದ್ದಾನೋ ನಾವರಿಯೆವು. ಎಲ್ಲಿದ್ದರೂ ಅವನಲ್ಲಿ ನಮ್ಮ ಕ್ಷಮಾಯಾಚನೆಯಿದೆ.